ಮೈಕು ಹಿಡಿದ ಮಾಜಿ ಆಟಗಾರ ಯಾರ ಕಡೆ?

ಅಮೆರಿಕದ ಕಾಲೇಜು ಫುಟ್‌ಬಾಲ್ ಅಭಿಮಾನಿಗಳು ಸೇರಿದ ಕಡೆ ಸುಮ್ಮನೆ ಅರ್ಧ ಗಂಟೆ ನಿಂತು ಕೇಳಿ. ಅಂದಿನ ಆಟದ ಬಗ್ಗೆ ಹತ್ತು ನಿಮಿಷ ಮಾತಾಡಿದರೆ ಹೆಚ್ಚು. ಉಳಿದದ್ದೆಲ್ಲ ಹಳೇ ಆಟಗಾರರ ಬಗ್ಗೆ, ಮತ್ತೆ ಟಿವಿಯಲ್ಲಿ ಕಾಮೆಂಟ್ರಿ ಹೇಳೋರ ಬಗ್ಗೆ. ಇವೆರಡೂ ಒಂದೇ ಆದಾಗ, ಅಂದ್ರೆ ಹಳೇ ಆಟಗಾರನೇ ಮೈಕು ಹಿಡಿದು ಕೂತಾಗ, ಮಾತು ಜಗಳಕ್ಕೆ ತಿರುಗುತ್ತೆ. ನಮ್ಮವನಾಗಿದ್ದೂ ನಮ್ಮ ವಿರುದ್ಧ ಮಾತಾಡ್ತಾನೆ ಅನ್ನೋದು ಒಂದು ದೂರು. ಅವನು ಅವರ ಕಾಲೇಜಿನೋನು, ಇನ್ನೇನು ಹೇಳ್ತಾನೆ ಅನ್ನೋದು ಇನ್ನೊಂದು. ವರ್ಷಗಟ್ಟಲೆ ಈ ಜಗಳ ಕೇಳಿ ನನಗೆ ಅನ್ನಿಸಿರೋದು ಇಷ್ಟು: ಪಕ್ಷಪಾತ ಇರೋದು ನಿಜ, ಆದ್ರೆ ಇವರು ಹುಡುಕ್ತಿರೋ ಜಾಗದಲ್ಲಿ ಅದು ಇಲ್ಲ.

ಮೊದಲೇ ಹೇಳಿಬಿಡ್ತೀನಿ, ಇಲ್ಲಿಯ ಫುಟ್‌ಬಾಲ್ ಅಂದ್ರೆ ಕಾಲಲ್ಲಿ ಆಡೋದಲ್ಲ. ತಲೆಗೆ ಹೆಲ್ಮೆಟ್ಟು, ಭುಜಕ್ಕೆ ಪ್ಯಾಡು, ಕೈಯಲ್ಲಿ ಮೊಟ್ಟೆಯಾಕಾರದ ಚೆಂಡು, ಎದುರಿಗೆ ಬಂದವನನ್ನ ಗುದ್ದಿ ಕೆಡವೋದು. ಆಡೋರು ಹದಿನೆಂಟರಿಂದ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗರು, ಹೆಸರಿಗೆ ವಿದ್ಯಾರ್ಥಿಗಳು. ನೋಡೋರು? ನಾನಿರೋ ಒಹಾಯೋದ ಕೊಲಂಬಸ್‌ನಲ್ಲಿ ಯೂನಿವರ್ಸಿಟಿಯ ಸ್ಟೇಡಿಯಂನಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರ್ತಾರೆ. ಆಟ ಶುರುವಾಗೋಕೆ ನಾಲ್ಕೈದು ಗಂಟೆ ಮುಂಚಿನಿಂದ ಪಾರ್ಕಿಂಗ್ ಲಾಟ್‌ಗಳಲ್ಲಿ ಗಾಡಿಗಳ ಹಿಂಬಾಗಿಲು ತೆರೆದು, ಒಲೆ ಹಚ್ಚಿ, ಕುರ್ಚಿ ಹಾಕಿ, ಊರಹಬ್ಬದ ಹಾಗೆ ಜನ. (ನಮ್ಮಂಥ ಸಸ್ಯಾಹಾರಿಗಳಿಗೆ ಅಲ್ಲಿ ಸಿಗೋದು ಸುಟ್ಟ ಜೋಳದ ತೆನೆ ಮತ್ತು ಚಿಪ್ಸು. ತೆನೆ ಚೆನ್ನಾಗಿರುತ್ತೆ ಬಿಡಿ.)

ಈ ಊರಲ್ಲಿ ಬೈಗುಳ ತಿನ್ನೋ ಹೆಸರು ಕರ್ಕ್ ಹರ್ಬ್‌ಸ್ಟ್ರೀಟ್. ಆತ ಇಲ್ಲಿಯವನೇ. 1992ರಲ್ಲಿ ಒಹಾಯೋ ಸ್ಟೇಟ್ ತಂಡದ ನಾಯಕರಲ್ಲಿ ಒಬ್ಬ, ಕ್ವಾರ್ಟರ್‌ಬ್ಯಾಕ್. ಅವನಪ್ಪ ಜಿಮ್ ಕೂಡ 1960ರಲ್ಲಿ ಇದೇ ತಂಡದ ನಾಯಕರಲ್ಲಿ ಒಬ್ಬ. ಇದಕ್ಕಿಂತ 'ನಮ್ಮವನು' ಇನ್ಯಾರು ಸಿಗ್ತಾರೆ ಹೇಳಿ? 1996ರಿಂದ ಇಎಸ್‌ಪಿಎನ್ ಚಾನೆಲ್ಲಿನ 'ಕಾಲೇಜ್ ಗೇಮ್‌ಡೇ' ಕಾರ್ಯಕ್ರಮದಲ್ಲಿ ಇದ್ದಾನೆ. ದೇಶಕ್ಕೆಲ್ಲ ಮಾತಾಡೋ ಜಾಗ ಅದು. ಒಹಾಯೋ ಸ್ಟೇಟ್ ಸೋಲುತ್ತೆ ಅಂತ ಒಮ್ಮೊಮ್ಮೆ ಭವಿಷ್ಯ ಹೇಳಿದ, ತಂಡ ಕೆಟ್ಟದಾಗಿ ಆಡಿದಾಗ ಕೆಟ್ಟದಾಗಿ ಆಡಿತು ಅಂದ. ಅಷ್ಟಕ್ಕೇ ಇಲ್ಲಿಯ ಒಂದು ಗುಂಪು ಅವನಿಗೆ ಮತ್ತು ಅವನ ಮನೆಯವರಿಗೆ ನೆಮ್ಮದಿ ಇಲ್ಲದ ಹಾಗೆ ಮಾಡಿತು. 2011ರಲ್ಲಿ ಹೆಂಡತಿ, ನಾಲ್ಕು ಗಂಡುಮಕ್ಕಳನ್ನ ಕರಕೊಂಡು ಟೆನೆಸಿಯ ನ್ಯಾಶ್‌ವಿಲ್‌ಗೆ ಹೊರಟುಹೋದ. ಹೆಚ್ಚಿನ ಅಭಿಮಾನಿಗಳು ಒಳ್ಳೆಯವರೇ, ಕೂಗಾಡೋ ಕೆಲವರ ಕಾಟ ಸಾಕಾಯ್ತು ಅನ್ನೋ ಅರ್ಥದಲ್ಲಿ ಊರಿನ ಪತ್ರಿಕೆಗೆ ಹೇಳಿದ್ದ. ಮುಂದೆ ಅವನ ಅವಳಿ ಮಕ್ಕಳು ಕ್ಲೆಮ್ಸನ್ ಯೂನಿವರ್ಸಿಟಿ ತಂಡ ಸೇರಿದಾಗ ಇಲ್ಲಿ ಕೆಲವರು ಮುಖ ನೋಡಬೇಕಿತ್ತು! ದ್ರೋಹಕ್ಕೆ ದಾಖಲೆ ಸಿಕ್ಕಹಾಗೆ.

ಅದೇ ಜನ 2025ರ ಆಗಸ್ಟ್ 30ರಂದು ಕಣ್ಣೊರೆಸಿಕೊಂಡರು. ಅವತ್ತು ಗೇಮ್‌ಡೇಯ ಲೀ ಕೋರ್ಸೋ ಅವರ ಕೊನೆಯ ಕಾರ್ಯಕ್ರಮ, ಇಲ್ಲೇ ಕೊಲಂಬಸ್‌ನಲ್ಲಿ. ತೊಂಬತ್ತು ವರ್ಷದ ಮುದುಕ. ಫ್ಲಾರಿಡಾ ಸ್ಟೇಟ್‌ನ ಹಳೇ ಆಟಗಾರ, ಆಮೇಲೆ ಕೋಚ್. ಗೆಲ್ಲೋದು ಯಾರು ಅಂತ ಬಾಯಲ್ಲಿ ಹೇಳೋ ಬದಲು ಆ ತಂಡದ ಗೊಂಬೆತಲೆಯನ್ನ ತನ್ನ ತಲೆಗೆ ಹಾಕ್ಕೊಳ್ಳೋ ಪದ್ಧತಿ ಅವರದು. 1996ರಲ್ಲಿ ಅದು ಶುರುವಾಗಿದ್ದೂ ಇದೇ ಊರಲ್ಲಿ. 2009ರಲ್ಲಿ ಪಾರ್ಶ್ವವಾಯು ಹೊಡೆದು ಮಾತು ತೊದಲೋ ಹಾಗಾದ ಮೇಲೆ, ಪಕ್ಕದಲ್ಲಿ ಕೂತು, ತಡವರಿಸಿದಾಗ ಮಾತು ಜೋಡಿಸಿ, ಹದಿನಾರು ವರ್ಷ ಅವರನ್ನ ನಡೆಸಿಕೊಂಡು ಬಂದವನು ಯಾರು? ಅದೇ ಹರ್ಬ್‌ಸ್ಟ್ರೀಟ್. ಮುದುಕನಿಗೆ ಕಣ್ಣೀರು, ಪಕ್ಕದವನಿಗೆ ಬೈಗುಳ. ನಮ್ಮ ಜನರ ಲೆಕ್ಕ ಹೀಗಿರುತ್ತೆ.

ದಕ್ಷಿಣದ ರಾಜ್ಯಗಳ ಕಥೆ ಇನ್ನೂ ಮಜಾ. ಸಿಬಿಎಸ್ ಚಾನೆಲ್ಲಿನಲ್ಲಿ 2006ರಿಂದ 2023ರ ಸೀಸನ್‌ವರೆಗೆ ಆ ಕಡೆಯ ದೊಡ್ಡ ಆಟಗಳಿಗೆಲ್ಲ ಗ್ಯಾರಿ ಡೇನಿಯಲ್‌ಸನ್ ವಿಶ್ಲೇಷಕ. ಆತ ಆಡಿದ್ದು ಇಂಡಿಯಾನಾದ ಪರ್ಡ್ಯೂನಲ್ಲಿ, ದಕ್ಷಿಣದ ಯಾವ ತಂಡಕ್ಕೂ ಸಂಬಂಧವೇ ಇಲ್ಲ. ಆದರೂ ಅಲ್ಲಿಯ ಪ್ರತಿ ತಂಡದ ಅಭಿಮಾನಿಗೂ ಆತ ತನ್ನ ತಂಡದ ಶತ್ರು. ಎಲ್ಲರಿಗೂ ಏಕಕಾಲಕ್ಕೆ ಶತ್ರುವಾಗೋದು ಹೇಗೆ ಸಾಧ್ಯ ಅಂತ ಒಬ್ಬರೂ ಕೇಳಿಕೊಂಡ ಹಾಗಿಲ್ಲ.

ಹಾಗಂತ ಬಹಿರಂಗ ಪಕ್ಷಪಾತವನ್ನ ಈ ಜನ ಒಪ್ಪಲ್ಲ ಅಂತಲ್ಲ, ಪೂಜೆ ಮಾಡ್ತಾರೆ! ಜಾರ್ಜಿಯಾದ ರೇಡಿಯೋದಲ್ಲಿ ಲ್ಯಾರಿ ಮನ್ಸನ್ ಅಂತ ಒಬ್ಬರಿದ್ದರು. 1966ರಿಂದ 2008ರವರೆಗೆ ಆ ತಂಡದ ದನಿ. ಹುಟ್ಟಿದ್ದು ದೂರದ ಮಿನ್ನೆಸೋಟಾದಲ್ಲಿ, ಜಾರ್ಜಿಯಾಕ್ಕೆ ಬಂದದ್ದು ಹೊಟ್ಟೆಪಾಡಿಗೆ. ಆದರೆ ಮೈಕಿನ ಮುಂದೆ ಕೂತರೆ 'ಜಾರ್ಜಿಯಾ' ಅಂತ ಹೇಳ್ತಾ ಇರಲಿಲ್ಲ, 'ನಾವು' ಅಂತಲೇ ಹೇಳೋರು. ಅದರ ಜೊತೆಗೆ ಮಹಾ ನಿರಾಶಾವಾದಿ. ತಂಡ ಇಪ್ಪತ್ತು ಪಾಯಿಂಟ್ ಮುಂದಿದ್ದರೂ ಇವತ್ತು ಮುಳುಗಿದೆವು ಅನ್ನೋ ದನಿ. ಮದುವೆ ಮನೆಯಲ್ಲಿ ಸಾರು ಸಾಲದೆ ಹೋಗುತ್ತೆ ಅಂತ ಗೊಣಗ್ತಾ ಓಡಾಡೋ ಹಿರಿಯರು ಇರ್ತಾರಲ್ಲ, ಹಾಗೆ. 1980ರ ನವೆಂಬರ್ 8ರಂದು ಫ್ಲಾರಿಡಾ ವಿರುದ್ಧ ಜಾರ್ಜಿಯಾ 20-21ರಿಂದ ಹಿಂದೆ, ಉಳಿದಿರೋದು ಒಂದು ನಿಮಿಷದ ಚಿಲ್ಲರೆ, ಚೆಂಡು ತಮ್ಮದೇ ಗೆರೆಯಿಂದ ಬರೀ ಏಳು ಗಜ ದೂರ. ಅಲ್ಲಿಂದ ಬಕ್ ಬೆಲೂ ಎಸೆದ ಚೆಂಡನ್ನ ಲಿಂಡ್ಸೇ ಸ್ಕಾಟ್ ಹಿಡಿದು ಓಡಿದ, ಒಟ್ಟು 93 ಗಜ. ಮನ್ಸನ್ ಕಾಮೆಂಟ್ರಿ ಬಿಟ್ಟು ಆ ಹುಡುಗನ ಹೆಸರು ಹಿಡಿದು ಓಡು ಅಂತ ಕಿರುಚಿದರು. ಆ ಕುಣಿತಕ್ಕೆ ಕೂತಿದ್ದ ಕುರ್ಚಿ ಮುರಿದೇಹೋಯ್ತು, ಅದನ್ನೂ ರೇಡಿಯೋದಲ್ಲೇ ಹೇಳಿದರು. 26-21. ಆ ವರ್ಷ ಜಾರ್ಜಿಯಾ ಒಂದೂ ಸೋಲದೆ ರಾಷ್ಟ್ರೀಯ ಚಾಂಪಿಯನ್. ಟಿವಿಯ ದನಿ ಕಡಿಮೆ ಮಾಡಿ, ಚಿತ್ರ ಮಾತ್ರ ಇಟ್ಟುಕೊಂಡು ರೇಡಿಯೋದಲ್ಲಿ ಮನ್ಸನ್ ಕೇಳೋದು ಅಲ್ಲಿ ಮನೆಮನೆಯ ಅಭ್ಯಾಸವಾಗಿತ್ತು. 2011ರಲ್ಲಿ ತೀರಿಕೊಂಡರು. ಅವರ ಧ್ವನಿಮುದ್ರಿಕೆ ಇವತ್ತಿಗೂ ಕೇಳಿಸಿಕೊಳ್ಳೋರು ಇದ್ದಾರೆ.

ನನಗೆ ಮನ್ಸನ್ ಅವರ ಪಕ್ಷಪಾತದ ಬಗ್ಗೆ ತಕರಾರೇ ಇಲ್ಲ. ಆತ ಯಾರ ಕಡೆ ಅಂತ ಕೇಳುಗನಿಗೆ ಗೊತ್ತು, ಅದಕ್ಕೆ ತಕ್ಕ ಹಾಗೆ ಕಳೆದು ಕೇಳಬಹುದು. ತೊಂದರೆ ಇರೋದು ನಾನು ಯಾರ ಕಡೆಯೂ ಅಲ್ಲ ಅಂತ ಕೂತಿರೋ ಟಿವಿ ಬೂತಿನಲ್ಲಿ. ಅಲ್ಲಿಯ ಮಾಜಿ ಆಟಗಾರರು ಹೆಚ್ಚಿನವರು ತಮ್ಮ ಹಳೇ ಕಾಲೇಜಿನ ಕಡೆ ವಾಲೋದಿಲ್ಲ, ವಾಲಿದ್ದಾರೆ ಅಂತ ಯಾರಾದರೂ ಅಂದಾರು ಅನ್ನೋ ಹೆದರಿಕೆಯಿಂದ ಇನ್ನೂ ಬಿಗಿಯಾಗೇ ಇರ್ತಾರೆ. ಅವರು ವಾಲಿರೋದು ಆಟದ ಕಡೆಗೆ. ಅದನ್ನ ಮಾತ್ರ ಯಾವ ಅಭಿಮಾನಿಯೂ ದೂರೋದಿಲ್ಲ, ಯಾಕಂದ್ರೆ ಅಭಿಮಾನಿಯೂ ಆ ಕಡೆಗೇ ವಾಲಿದ್ದಾನೆ.

ದುಡ್ಡಿನ ಲೆಕ್ಕ ನೋಡಿ. ಕಾಲೇಜು ಫುಟ್‌ಬಾಲ್ ಪ್ಲೇಆಫ್ ಪ್ರಸಾರಕ್ಕೆ ಇಎಸ್‌ಪಿಎನ್ 2024ರಲ್ಲಿ ಮಾಡಿಕೊಂಡ ಒಪ್ಪಂದ ವರ್ಷಕ್ಕೆ ಸುಮಾರು 1.3 ಬಿಲಿಯನ್ ಡಾಲರಿನದು, ಆರು ವರ್ಷಕ್ಕೆ. ಆಟವನ್ನ ಕೊಂಡವನೇ ಆಟದ ವಿಮರ್ಶಕನಿಗೂ ಸಂಬಳ ಕೊಡೋದು. ಕ್ರಿಕೆಟ್ ನೋಡೋ ನಮಗೆ ಇದು ಹೊಸದೇನಲ್ಲ. 2016ರ ಐಪಿಎಲ್‌ಗೆ ಹರ್ಷ ಭೋಗ್ಲೆ ಇರಲಿಲ್ಲ, 2020ರಲ್ಲಿ ಸಂಜಯ್ ಮಂಜ್ರೇಕರ್ ಅವರನ್ನ ಬೋರ್ಡಿನ ಪ್ಯಾನೆಲ್‌ನಿಂದ ಬಿಟ್ಟರು. ಉಳಿದವರ ದನಿ ಆಮೇಲೆ ಎಷ್ಟು ಮೆತ್ತಗಾಯ್ತು ಅನ್ನೋದು ಕೇಳೋರಿಗೆ ಗೊತ್ತು.

ಆಟದ ಕಡೆ ವಾಲೋದು ಅಂದ್ರೆ ಏನು ಅಂತ ತಿಳೀಬೇಕಿದ್ರೆ 'ಟಾರ್ಗೆಟಿಂಗ್' ಅನ್ನೋ ನಿಯಮ ನೋಡಬೇಕು. ಎದುರಾಳಿಯ ತಲೆ-ಕತ್ತಿಗೆ ಗುರಿಯಿಟ್ಟು, ಅಥವಾ ಹೆಲ್ಮೆಟ್ಟಿನ ನೆತ್ತಿಯಿಂದ ಗುದ್ದಿದರೆ ಆಟಗಾರನನ್ನ ಹೊರಗೆ ಕಳಿಸಬೇಕು, 2013ರಿಂದ ಕಾಲೇಜು ಆಟದಲ್ಲಿ ಇದೆ. ಪ್ರತಿ ಶನಿವಾರ ಒಂದೆರಡು ಸಲವಾದರೂ ಆ ಬಾವುಟ ಬೀಳುತ್ತೆ, ಗುದ್ದನ್ನ ನಿಧಾನಗತಿಯಲ್ಲಿ ನಾಲ್ಕು ಸಲ ತೋರಿಸ್ತಾರೆ. ಆಗ ಬೂತಿನಲ್ಲಿರೋ ಮಾಜಿ ಆಟಗಾರನ ಮಾತು ಗಮನಿಸಿ. ಬಹಳ ಸಲ ಮೊದಲ ಅನುಕಂಪ ಹೋಗೋದು ಹೊರಗೆ ನಡೀಬೇಕಾದ ಹುಡುಗನಿಗೆ. ಪಾಪ, ಅಷ್ಟು ವೇಗದಲ್ಲಿ ಅವನಾದರೂ ಏನು ಮಾಡಿಯಾನು, ನಮ್ಮ ಕಾಲದಲ್ಲಿ ಇದು ಒಳ್ಳೇ ಹಿಟ್ ಅನ್ನಿಸಿಕೊಳ್ತಿತ್ತು ಅನ್ನೋ ಧಾಟಿ. ನೆಲದಲ್ಲಿ ಬಿದ್ದಿರೋ ಹುಡುಗನ ಬಗ್ಗೆ, ಎದ್ದು ಕೂತರೆ ಚಪ್ಪಾಳೆ. ಅಷ್ಟರಲ್ಲಿ ಜಾಹೀರಾತು.

ಎಲ್ಲರೂ ಹೀಗಲ್ಲ. ಎಡ್ ಕನಿಂಗ್‌ಹ್ಯಾಮ್ ಅಂತ ಒಬ್ಬ ಇದ್ದ. ವಾಷಿಂಗ್ಟನ್ ಯೂನಿವರ್ಸಿಟಿ 1991ರಲ್ಲಿ ಒಂದೂ ಸೋಲದೆ ರಾಷ್ಟ್ರೀಯ ಪ್ರಶಸ್ತಿಯನ್ನ ಮಯಾಮಿ ಜೊತೆ ಹಂಚಿಕೊಂಡಿತಲ್ಲ, ಆ ತಂಡದ ಸೆಂಟರ್, ನಾಯಕರಲ್ಲೊಬ್ಬ. ಸೆಂಟರ್ ಅಂದ್ರೆ ಪ್ರತಿ ಸಲ ಚೆಂಡು ಹಿಂದಕ್ಕೆ ಕೊಟ್ಟ ಮರುಕ್ಷಣ ತಲೆಗೆ ತಲೆ ಕೊಡೋ ಜಾಗ. ಮುಂದೆ ಇಎಸ್‌ಪಿಎನ್‌ನಲ್ಲಿ ವಿಶ್ಲೇಷಕನಾದ. 2014ರ ಸೆಪ್ಟೆಂಬರ್ 27, ಆನ್ ಆರ್ಬರ್‌ನಲ್ಲಿ ಮಿಶಿಗನ್-ಮಿನ್ನೆಸೋಟಾ ಆಟ. ಮಿಶಿಗನ್ನಿನ ಕ್ವಾರ್ಟರ್‌ಬ್ಯಾಕ್ ಶೇನ್ ಮೋರಿಸ್‌ಗೆ ಮೊದಲೇ ಕಾಲು ಉಳುಕಿತ್ತು. ನಾಲ್ಕನೇ ಕ್ವಾರ್ಟರ್‌ನಲ್ಲಿ ಎದುರಾಳಿಯೊಬ್ಬ ಬಂದು ಗದ್ದಕ್ಕೆ ಹೆಲ್ಮೆಟ್‌ನಿಂದ ಗುದ್ದಿದ. ಹುಡುಗ ಎದ್ದ, ತೂರಾಡಿದ, ಜೊತೆಗಾರನ ಮೈಗೆ ಒರಗಿ ನಿಂತ. ನಿಲ್ಲೋಕಾಗ್ತಿಲ್ಲ ಅನ್ನೋದು ಟಿವಿ ನೋಡೋರಿಗೆಲ್ಲ ಕಾಣ್ತಿತ್ತು. ಆದರೂ ಹೊರಗೆ ಕರೀಲಿಲ್ಲ, ಇನ್ನೊಂದು ಎಸೆತ ಆಡಿಸಿದರು. ಆಮೇಲೆ ಹೊರಗೆ ಕರೆದವರು, ಬದಲಿಗೆ ಹೋದವನ ಹೆಲ್ಮೆಟ್ ಕಳಚಿತು ಅಂತ ಮತ್ತೆ ಇವನನ್ನೇ ಒಳಗೆ ಕಳಿಸಿದರು!

ಕನಿಂಗ್‌ಹ್ಯಾಮ್ ಅಲ್ಲೇ, ನೇರ ಪ್ರಸಾರದಲ್ಲೇ, ಆ ಏಳನೇ ನಂಬರಿನ ಹುಡುಗ ಇನ್ನೂ ಮೈದಾನದಲ್ಲಿರೋದು ಅಸಹ್ಯ ಅಂತ ಮುಲಾಜಿಲ್ಲದೆ ಹೇಳಿದ. ಕೋಚ್ ಬ್ರೇಡಿ ಹೋಕ್ ಸೋಮವಾರ ಹುಡುಗನಿಗೆ ಕನ್‌ಕಷನ್ ಆಗಿಲ್ಲ ಅಂದರು. ಅದೇ ರಾತ್ರಿ, ಮಂಗಳವಾರದ ನಸುಕು ಅನ್ನಿ, ಅಥ್ಲೆಟಿಕ್ ನಿರ್ದೇಶಕ ಡೇವ್ ಬ್ರ್ಯಾಂಡನ್ ಅವರ ಹೇಳಿಕೆ ಬಂತು, ಬಹುಶಃ ಸಣ್ಣ ಪ್ರಮಾಣದ ಕನ್‌ಕಷನ್ ಆಗಿತ್ತು ಅಂತ. ವಿದ್ಯಾರ್ಥಿಗಳು ಬೀದಿಗಿಳಿದರು. ಅಕ್ಟೋಬರ್ ಕೊನೆಗೆ ಬ್ರ್ಯಾಂಡನ್ ರಾಜೀನಾಮೆ, ಡಿಸೆಂಬರಿನಲ್ಲಿ ಹೋಕ್ ಅವರ ಕೆಲಸವೂ ಹೋಯ್ತು. ಬೇರೆ ಕಾರಣಗಳೂ ಇದ್ದವು, ತಂಡ ಸೋಲ್ತಾ ಇತ್ತು, ಟಿಕೆಟ್ ವಿಚಾರಕ್ಕೆ ವಿದ್ಯಾರ್ಥಿಗಳಿಗೆ ಸಿಟ್ಟಿತ್ತು. ಆದರೆ ಬೂತಿನಲ್ಲಿದ್ದವನು ಎಂಥ ಧೈರ್ಯದ ಹುಡುಗ, ಹೇಗೆ ನಿಂತಿದ್ದಾನೆ ನೋಡಿ ಅಂದುಬಿಟ್ಟಿದ್ದರೆ? ಹಾಗೆ ಹೇಳೋದು ಎಷ್ಟು ಸುಲಭ! ಮಾಜಿ ಆಟಗಾರನನ್ನ ಬೂತಿನಲ್ಲಿ ಕೂರಿಸೋದು ಯಾತಕ್ಕೆ ಅಂದ್ರೆ ನನ್ನ ಪ್ರಕಾರ ಇದಕ್ಕೇ. ಆ ತೂರಾಟ ಏನು ಅಂತ ಅವನಿಗೆ ಒಳಗಿನಿಂದ ಗೊತ್ತು, ನಮಗೆ ಗೊತ್ತಿಲ್ಲ.

ಮೂರು ವರ್ಷ ಆದಮೇಲೆ ಆತ ಆ ಕೆಲಸವನ್ನೇ ಬಿಟ್ಟ. 2017ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನ ವರದಿ ಮಾಡಿತು. ಇನ್ನು ಮೇಲೆ ನಾನು ಚಿಯರ್‌ಲೀಡರ್ ಜಾಗದಲ್ಲಿ ನಿಲ್ಲಲಾರೆ, ಈ ಆಟ ಮಿದುಳಿಗೆ ಸುರಕ್ಷಿತವಲ್ಲ, ಅನ್ನೋದು ಅವನ ಮಾತಿನ ಸಾರ. ಪ್ರೊಫೆಷನಲ್ ಆಟದಲ್ಲಿ ಕಾರ್ಡಿನಲ್ಸ್ ತಂಡದಲ್ಲಿ ಅವನ ಜೊತೆ ಆಡಿದ್ದ ಡೇವ್ ಡ್ಯೂರ್ಸನ್ 2011ರಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದರು. ತಲೆಗೆ ಗುಂಡು ಹಾರಿಸಿಕೊಳ್ಳಲಿಲ್ಲ, ಎದೆಗೆ. ಮಿದುಳನ್ನ ಪರೀಕ್ಷೆಗೆ ಕೊಡಿ ಅಂತ ಬರೆದಿಟ್ಟಿದ್ದರು. ಪರೀಕ್ಷೆಯಲ್ಲಿ ಸಿಟಿಇ ಇತ್ತು, ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಮಿದುಳು ಸವೆಯೋ ಕಾಯಿಲೆ. ಕನಿಂಗ್‌ಹ್ಯಾಮ್ ಕೆಲಸ ಬಿಟ್ಟ ವರ್ಷವೇ ಬಾಸ್ಟನ್ ಯೂನಿವರ್ಸಿಟಿಯವರ ಅಧ್ಯಯನವೂ ಬಂತು: ಕಾಲೇಜು ಮಟ್ಟದವರೆಗೆ ಆಡಿದ 53 ಜನರ ಮಿದುಳಿನಲ್ಲಿ 48ರಲ್ಲಿ ಸಿಟಿಇ, ಎನ್‌ಎಫ್‌ಎಲ್ ಆಡಿದ 111ರಲ್ಲಿ 110. ಅನುಮಾನ ಇದ್ದೇ ಮನೆಯವರು ದಾನ ಕೊಟ್ಟ ಮಿದುಳುಗಳು ಇವು, ಹಾಗಾಗಿ ಆಡಿದೋರೆಲ್ಲರಿಗೂ ಈ ಲೆಕ್ಕ ಹಾಕೋ ಹಾಗಿಲ್ಲ. ಅಷ್ಟು ಕಳೆದರೂ ಉಳಿಯೋದು ಕಡಿಮೆಯೇನಲ್ಲ.

ಆತ ಬಿಟ್ಟು ಹೋಗಬಾರದಿತ್ತು ಅನ್ನೋದು ನನ್ನ ಸ್ವಾರ್ಥ. ಒಳಗಿದ್ದು ಬೈಯೋರು ಒಬ್ಬರಾದರೂ ಬೇಕಲ್ಲ? ಕನಿಂಗ್‌ಹ್ಯಾಮ್ ಎದ್ದುಹೋದರೂ ಪ್ರಸಾರ ಒಂದು ದಿನವೂ ನಿಲ್ಲಲಿಲ್ಲ, ಆ ಕುರ್ಚಿಗೆ ಇನ್ನೊಬ್ಬ ಮಾಜಿ ಆಟಗಾರ ಬಂದ. ಹಾಗಂತ ಪ್ರತಿ ಶನಿವಾರ ತನ್ನ ಮನಸ್ಸಾಕ್ಷಿಯನ್ನ ಜಾಹೀರಾತುಗಳ ನಡುವೆ ಎರಡು ವಾಕ್ಯಕ್ಕೆ ಇಳಿಸು ಅಂತ ಇನ್ನೊಬ್ಬನಿಗೆ ಹೇಳೋಕೆ ನಾನ್ಯಾರು. ಶನಿವಾರ ಟಿವಿ ಹಚ್ಚೋನು ನಾನೂ ಹೌದು, ಮುಂದಿನ ವಾರವೂ ಹಚ್ತೀನಿ.

ಕಳೆದ ಸೀಸನ್‌ನಲ್ಲಿ ಪಾರ್ಕಿಂಗ್ ಲಾಟ್‌ನಲ್ಲಿ ಹರ್ಬ್‌ಸ್ಟ್ರೀಟ್ ಬಗ್ಗೆ ಜೋರು ಚರ್ಚೆ ನಡೀತಿದ್ದಾಗ ನಾನು ಕನಿಂಗ್‌ಹ್ಯಾಮ್ ಹೆಸರು ತೆಗೆದೆ. ಸುತ್ತ ಇದ್ದ ಏಳೆಂಟು ಜನ ಐವತ್ತು ವರ್ಷದ ಹಿಂದಿನ ಸ್ಕೋರನ್ನೂ ಬಾಯಲ್ಲಿ ಹೇಳೋರು. ಒಬ್ಬರು, ಯಾರು, ಈಗಲ್ಸ್‌ನ ರ್‍ಯಾಂಡಲ್ ಕನಿಂಗ್‌ಹ್ಯಾಮಾ ಅಂದರು. ಅಲ್ಲ, ಎಡ್ ಅಂದೆ. ಯಾರಿಗೂ ನೆನಪಾಗಲಿಲ್ಲ. ಯಾರೋ ನನ್ನ ತಟ್ಟೆಗೆ ಇನ್ನೊಂದು ತೆನೆ ಹಾಕಿದರು, ಮಾತು ಮತ್ತೆ ಹರ್ಬ್‌ಸ್ಟ್ರೀಟನ ಮಕ್ಕಳು ಕ್ಲೆಮ್ಸನ್‌ಗೆ ಹೋದದ್ದಕ್ಕೆ ತಿರುಗಿತು.