ಮೊದಲ ಮಳೆಗೆ ಮುಂಚೆ ಒಂದು ಕುಂಡ

ಬೇಸಿಗೆ ರಜೆ ಶುರುವಾದ ಮೂರನೇ ದಿನಕ್ಕೇ "ಅಮ್ಮಾ, ಏನ್ಮಾಡ್ಲಿ?" ಎಂಬ ರಾಗ ಏಳುತ್ತದಲ್ಲವೇ ಸೋದರಿಯರೇ? ಹಪ್ಪಳ ಸಂಡಿಗೆಯ ಗಡಿಬಿಡಿಯಲ್ಲಿರುವ ನಮಗೆ ಅದನ್ನು ಕೇಳಿಯೇ ತಲೆ ಚಿಟ್ಟು ಹಿಡಿಯುತ್ತದೆ. ಈ ಸಲ ಮಕ್ಕಳ ಕೈಗೆ ಒಂದೊಂದು ಮಣ್ಣಿನ ಹೂಕುಂಡ ಕೊಟ್ಟು ನೋಡಿ. ಮೇ ತಿಂಗಳಲ್ಲಿ ಬಣ್ಣ ಬಳಿಸಿಟ್ಟರೆ, ಜೂನ್ ಎರಡನೇ ವಾರ ಮೃಗಶಿರಾ ಮಳೆ ಬೀಳುವಾಗ ಬೀಜ ಹಾಕಲು ಕುಂಡ ಸಿದ್ಧವಾಗಿರುತ್ತದೆ.

ಸಂತೆಯಿಂದ ಎಂಟು ಅಂಗುಲದ ಕುಂಡ ತನ್ನಿ. ಬೆರಳಿನಿಂದ ತಟ್ಟಿದರೆ ಕಣ್ ಎನ್ನಬೇಕು. ಬದ್ ಎಂದರೆ ಎಲ್ಲೋ ಬಿರುಕು ಬಿಟ್ಟಿದೆ ಎಂದು ತಿಳಿಯಿರಿ. ತಳದಲ್ಲಿ ತೂತು ಇದೆಯೇ ನೋಡಿಕೊಳ್ಳಿ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಎರಡು ದಿನ ಬಿಸಿಲಿನಲ್ಲಿ ಒಣಗಿಸಿ. ಹಸಿ ಕುಂಡಕ್ಕೆ ಬಳಿದ ಬಣ್ಣ ಹೊಪ್ಪಳೆ ಎದ್ದು ಉದುರಿಹೋಗುತ್ತದೆ.

ಬಣ್ಣಕ್ಕಾಗಿ ಅಂಗಡಿಗೆ ಓಡಬೇಕಾಗಿಲ್ಲ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುವುದು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಅಕ್ಕಿ ಅರೆದ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ. ನಮ್ಮ ಕುಂಡಕ್ಕೂ ಅದೇ ಉಪಾಯ ಸಾಕು. ಅರ್ಧ ಬಟ್ಟಲು ಕೆಮ್ಮಣ್ಣನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಒಂದು ಚಮಚ ಫೆವಿಕಾಲ್ ಬೆರೆಸಿ. ಬಿಳಿಗೆ ಎರಡು ಚಮಚ ಅಕ್ಕಿ ನೆನೆಸಿ ನುಣ್ಣಗೆ ಅರೆದು, ಅದಕ್ಕೂ ನಾಲ್ಕು ಹನಿ ಫೆವಿಕಾಲ್ ಹಾಕಿ. ಬೆಂಡೆಕಾಯಿಯ ತೊಟ್ಟಿನ ಕಡೆ ಅಡ್ಡಡ್ಡ ಕತ್ತರಿಸಿ ಅದ್ದಿ ಒತ್ತಿದರೆ ಚೆಂದದ ಹೂವು ಮೂಡುತ್ತದೆ. ಪೊರಕೆ ಕಡ್ಡಿಗೆ ಹತ್ತಿ ಸುತ್ತಿದರೆ ಅದೇ ಕುಂಚ. ಮಳೆಗೆ ಈ ಬಣ್ಣ ಮಾಸುತ್ತದೆ, ಅದಕ್ಕೆ ಸೂರಿನ ಕೆಳಗಿಡಿ. ಮಾಸಲೇಬಾರದು ಎನ್ನುವವರು ಅಕ್ರಿಲಿಕ್ ಬಣ್ಣ ತರಬಹುದು.

ಬಣ್ಣ ಕುಂಡದ ಮೇಲರ್ಧಕ್ಕೆ ಮಾತ್ರ ಸಾಕು. ಹಾಕಿದ ನೀರು ಮಣ್ಣಿನ ಗೋಡೆಯಿಂದ ಜಿನುಗಿ ಆರಬೇಕು. ಪೂರ್ತಿ ಮುಚ್ಚಿಬಿಟ್ಟರೆ ಬೇರು ಕೊಳೆಯುತ್ತದೆ.

ಸುಣ್ಣವನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಸಿಡಿದರೆ ಅನಾಹುತ. ಅಟ್ಟದ ಮೇಲಿನ ಹಳೇ ಪೇಂಟಿನ ಡಬ್ಬಿಯೂ ಬೇಡ. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಕೂಡದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಎಷ್ಟಿದೆಯೋ! ಬೆರಳು ಚೀಪುವ ಮಕ್ಕಳು ನೋಡಿ.

ಇನ್ನು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ನನ್ನ ಮಕ್ಕಳು ಚಿಕ್ಕವರಿದ್ದಾಗ ಇದೇ ಕೆಲಸ ಮಾಡಿಸಿದ್ದೆ. ಆರು ವರ್ಷದ ಮಗಳು ಅಚ್ಚುಕಟ್ಟಾಗಿ ಚುಕ್ಕಿ ಇಟ್ಟು ಬಳ್ಳಿ ಎಳೆದಳು. ನಾಲ್ಕು ವರ್ಷದ ಮಗ ಐದೂ ಬೆರಳು ಅದ್ದಿ ಪಟಪಟನೆ ಬಡಿದ, ಅಷ್ಟೇ. ಮಾರನೇ ದಿನ ಅರಿಶಿನ ಕುಂಕುಮಕ್ಕೆ ನಾಲ್ಕು ಜನ ಬರುವವರಿದ್ದರು. ನೋಡಿದವರು ಏನೆಂದಾರು ಅಂತ, ರಾತ್ರಿ ಅವನು ಮಲಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಎಲ್ಲ ಒರೆಸಿ, ಕೆಮ್ಮಣ್ಣು ಬಳಿದು ಕಮಲ ಬರೆದಿಟ್ಟೆ. ಬಂದವರೆಲ್ಲ "ಎಷ್ಟು ಚೆನ್ನಾಗಿದೆ ರೀ" ಎಂದರು. ಮಗ ಮಾತ್ರ ಅಂಗಳವೆಲ್ಲ ಸುತ್ತಿ ಬಂದು, "ಅಮ್ಮ, ನಂದೆಲ್ಲಿ?" ಅಂದ. ಇದೇ ಕಣೋ ಎಂದು ತೋರಿಸಿದೆ. "ಇದು ನಿಂದು" ಎಂದು ಹೊರಟುಹೋದ. ಮಗಳು ದಿನಾ ತನ್ನ ಗಿಡಕ್ಕೆ ಚೊಂಬು ಹಿಡಿದು ಹೋಗುತ್ತಿದ್ದಳು. ಇವನು ಆ ಕುಂಡದ ಕಡೆ ತಿರುಗಿ ನೋಡಲಿಲ್ಲ. ನನಗೋ ಮನೆಗೆಲಸ, ಗಿಡ ಒಣಗಿತು.

ಬಿತ್ತಲು ಚೆಂಡುಹೂವೇ ಸುಲಭ. ಹೋದ ವರ್ಷದ ಒಣಹೂವಿದ್ದರೆ ಬೀಜ ಅದರಲ್ಲೇ ಇರುತ್ತದೆ. ತಳದ ತೂತಿನ ಮೇಲೆ ಒಂದು ಓಡಿನ ಚೂರು ಇಟ್ಟು, ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೇ ಸಗಣಿ ಗೊಬ್ಬರ ತುಂಬಿ. ವಾರದೊಳಗೆ ಮೊಳಕೆ ಬರುತ್ತದೆ. ಕುಂಡಕ್ಕೆ ಎರಡೇ ಸಸಿ ಉಳಿಸಿ. ಸುಮಾರು ಎರಡು ತಿಂಗಳಿಗೆ ಹೂವು, ಅಂದರೆ ಗೌರಿ ಹಬ್ಬಕ್ಕೆ ಮನೆಯದೇ ಹೂವಾಯಿತು.

ಹೋದ ರಜೆಯಲ್ಲಿ ಅದೇ ಮಗನ ಮಗ ನಮ್ಮಲ್ಲಿದ್ದ. ಅವನೂ ಅಪ್ಪನ ಹಾಗೇ ಬೆರಳು ಅದ್ದಿ ಬಡಿದ. ನಾನು ಸೆರಗಿನಲ್ಲಿ ಕೈ ಸುತ್ತಿಕೊಂಡು ಕೂತಿದ್ದೆ! ಮೊದಲ ಇರಚಲಿಗೇ ಅರ್ಧ ಬಿಳಿ ತೊಳೆದುಹೋಯಿತು. "ಅಜ್ಜೀ, ನನ್ ಬೆರಳು ಹೋಯ್ತು" ಎಂದು ಕೂಗಿದವನು, ನಾನು ಏಳುವ ಮೊದಲೇ ಅಕ್ಕಿ ಡಬ್ಬದ ಹತ್ತಿರ ನಿಂತಿದ್ದ.