ಕೈಗಾರಿಕಾ ಸಂಗ್ರಹಣಾ ಟ್ಯಾಂಕುಗಳು: ಕೇಂದ್ರ ಮತ್ತು ರಾಜ್ಯದ ಪರಿಸರ ನಿಯಮಗಳ ತುಲನಾತ್ಮಕ ಅವಲೋಕನ

(ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಅರ್ಜಿದಾರರು ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

1. ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯ ಪಶ್ಚಿಮ ಹಾಗೂ ಉತ್ತರ ಭಾಗದ ಈ ನಾಲ್ಕು ತಾಲ್ಲೂಕುಗಳು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರನ್ನು ಅವಲಂಬಿಸಿವೆ. ಕಬ್ಬು ಇಲ್ಲಿನ ಪ್ರಧಾನ ಬೆಳೆಯಾಗಿದ್ದು, ಸಕ್ಕರೆ ಕಾರ್ಖಾನೆಗಳು ಮತ್ತು ಅವುಗಳಿಗೆ ಹೊಂದಿಕೊಂಡ ಡಿಸ್ಟಿಲರಿಗಳು ಪ್ರಮುಖ ಉದ್ದಿಮೆಗಳಾಗಿವೆ. ರಬಕವಿ-ಬನಹಟ್ಟಿ ಭಾಗದಲ್ಲಿ ನೇಕಾರಿಕೆ ಮತ್ತು ನೂಲಿಗೆ ಬಣ್ಣ ಹಾಕುವ ಕಸುಬು ತಲೆಮಾರುಗಳಿಂದ ನಡೆದುಬಂದಿದೆ. ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು 2030ರಿಂದ 2025-26ನೇ ಸಾಲಿಗೆ ಹಿಂದಕ್ಕೆ ತಂದ ನಂತರ ದೇಶದ ಕಬ್ಬು ಬೆಳೆಯುವ ಪ್ರದೇಶಗಳಲ್ಲೆಲ್ಲ ಡಿಸ್ಟಿಲರಿಗಳ ಸಾಮರ್ಥ್ಯ ಹೆಚ್ಚಿದೆ. ಸಾಮರ್ಥ್ಯ ಹೆಚ್ಚಿದಂತೆ ಟ್ಯಾಂಕುಗಳ ಸಂಖ್ಯೆ ಮತ್ತು ಗಾತ್ರವೂ ಹೆಚ್ಚುತ್ತವೆ.

ಒಂದು ಸಕ್ಕರೆ ಕಾರ್ಖಾನೆಯ ಆವರಣದಲ್ಲಿ ಸಾಮಾನ್ಯವಾಗಿ ಕಾಕಂಬಿಯ ಉಕ್ಕಿನ ಟ್ಯಾಂಕು, ಎಥೆನಾಲ್ ಟ್ಯಾಂಕು, ಡೀಸೆಲ್ ಟ್ಯಾಂಕು, ಡಿಸ್ಟಿಲರಿಯ ತ್ಯಾಜ್ಯ ದ್ರವವಾದ ಸ್ಪೆಂಟ್‌ವಾಶ್ ತುಂಬುವ ಹೊಂಡ ಹಾಗೂ ಸಂಸ್ಕರಿಸಿದ ನೀರಿನ ತೊಟ್ಟಿ ಇರುತ್ತವೆ. ಇವೆಲ್ಲವೂ ಒಂದೇ ಆವರಣದೊಳಗೆ ಇದ್ದರೂ ಒಂದೇ ಕಾನೂನಿಗೆ ಒಳಪಟ್ಟಿಲ್ಲ. ಯಾವ ಟ್ಯಾಂಕಿಗೆ ಯಾವ ಕಚೇರಿಯ ಅನುಮತಿ ಬೇಕು, ಸೋರಿಕೆಯಾದಲ್ಲಿ ಯಾರಿಗೆ ದೂರು ಸಲ್ಲಿಸಬೇಕು ಎಂಬುದು ಅರ್ಜಿದಾರರಿಗೂ ನೆರೆಯ ಗ್ರಾಮಸ್ಥರಿಗೂ ಸ್ಪಷ್ಟವಾಗಿರುವುದು ಅವಶ್ಯಕ.

2018ರ ಡಿಸೆಂಬರ್ 16ರಂದು ಮುಧೋಳ ತಾಲ್ಲೂಕಿನ ಕುಳಲಿ ಗ್ರಾಮದ ಬಳಿ ಡಿಸ್ಟಿಲರಿಯೊಂದರ ತ್ಯಾಜ್ಯ ನೀರಿನ ಸಂಸ್ಕರಣಾ ಘಟಕದಲ್ಲಿ ಸ್ಫೋಟ ಸಂಭವಿಸಿ ಕಾರ್ಮಿಕರು ಮೃತಪಟ್ಟರು. ಅದೇ ವರ್ಷದ ಮೇ ತಿಂಗಳಲ್ಲಿ ಪಂಜಾಬಿನ ಸಕ್ಕರೆ ಕಾರ್ಖಾನೆಯೊಂದರ ಕಾಕಂಬಿ ಬಿಯಾಸ್ ನದಿಗೆ ಹರಿದು ಅಪಾರ ಸಂಖ್ಯೆಯ ಮೀನುಗಳು ಸತ್ತವು. ಸಕ್ಕರೆ ಮತ್ತು ಮದ್ಯಸಾರದ ಉದ್ದಿಮೆಯಲ್ಲಿ ಅಪಾಯವು ಇಂಧನದ ಟ್ಯಾಂಕಿಗೆ ಮಾತ್ರ ಸೀಮಿತವಲ್ಲ ಎಂಬುದನ್ನು ಈ ಎರಡೂ ಘಟನೆಗಳು ತೋರಿಸಿಕೊಟ್ಟಿವೆ.

2. ಅಧಿಕಾರದ ಮೂಲ

ಕೇಂದ್ರ ಮತ್ತು ರಾಜ್ಯದ ನಡುವಿನ ಅಧಿಕಾರ ಹಂಚಿಕೆಯು ಸಂವಿಧಾನದ ಏಳನೇ ಅನುಸೂಚಿಯಿಂದ ಬಂದದ್ದು. ಪೆಟ್ರೋಲಿಯಂ ಹಾಗೂ ಅಪಾಯಕಾರಿಯಾಗಿ ಹೊತ್ತಿಕೊಳ್ಳುವವೆಂದು ಸಂಸತ್ತು ಘೋಷಿಸಿದ ದ್ರವಗಳು ಕೇಂದ್ರ ಪಟ್ಟಿಯ 53ನೇ ನಮೂದಿನಲ್ಲಿವೆ. ಆದುದರಿಂದ ಪೆಟ್ರೋಲ್ ಮತ್ತು ಡೀಸೆಲ್ ಟ್ಯಾಂಕಿನ ರಚನೆ, ಅಂತರ ಮತ್ತು ಪರವಾನಗಿಯ ನಿಯಮಗಳನ್ನು ಕೇಂದ್ರವೇ ರೂಪಿಸುತ್ತದೆ.

ನೀರು ರಾಜ್ಯ ಪಟ್ಟಿಯ ವಿಷಯ. ಆದರೂ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯ್ದೆ, 1974 ಅನ್ನು ಸಂಸತ್ತೇ ಅಂಗೀಕರಿಸಿತು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ವಿಧಾನಮಂಡಲಗಳು ನಿರ್ಣಯ ಕೈಗೊಂಡು ಕೋರಿದ್ದರಿಂದ, 252ನೇ ಅನುಚ್ಛೇದದಡಿ ಇದು ಸಾಧ್ಯವಾಯಿತು. ಸದರಿ ಕಾಯ್ದೆಯನ್ವಯ 1974ರಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ರಚನೆಗೊಂಡಿತು. ಪರಿಸರ (ಸಂರಕ್ಷಣೆ) ಕಾಯ್ದೆ, 1986 ಮಾತ್ರ 1972ರ ಸ್ಟಾಕ್‌ಹೋಮ್ ಸಮ್ಮೇಳನದ ನಿರ್ಧಾರಗಳನ್ನು ಅನುಷ್ಠಾನಗೊಳಿಸಲು 253ನೇ ಅನುಚ್ಛೇದದಡಿ ಬಂದ ಕೇಂದ್ರ ಕಾಯ್ದೆಯಾಗಿದೆ.

ಹೀಗಾಗಿ ರಾಜ್ಯದ ಮಂಡಳಿಯು ನೀಡುವ ಸಮ್ಮತಿ ಪತ್ರವು ಸಹ ಕೇಂದ್ರದ ಕಾನೂನಿನ ಆಧಾರದ ಮೇಲೆಯೇ ನಿಂತಿರುತ್ತದೆ. ಕೇಂದ್ರವು ನಿಗದಿಪಡಿಸಿದ ಮಾನದಂಡಗಳಿಗಿಂತ ಕಠಿಣವಾದ ಮಾನದಂಡವನ್ನು, ಕಾರಣಗಳನ್ನು ದಾಖಲಿಸಿ, ರಾಜ್ಯ ಮಂಡಳಿಯು ವಿಧಿಸಬಹುದು. ಅದನ್ನು ಸಡಿಲಿಸುವ ಅಧಿಕಾರ ಮಂಡಳಿಗೆ ಇಲ್ಲ. 1986ರ ಪರಿಸರ (ಸಂರಕ್ಷಣೆ) ನಿಯಮಗಳ 3ನೇ ನಿಯಮದಲ್ಲಿ ಇದಕ್ಕೆ ಅವಕಾಶ ಕಲ್ಪಿಸಲಾಗಿದೆ. ಕೇಂದ್ರದ ಮಾನದಂಡವನ್ನು ಪಾಲಿಸಿದ್ದೇವೆ ಎಂಬ ಒಂದೇ ಕಾರಣದಿಂದ ಸಮ್ಮತಿ ಪತ್ರದ ಹೆಚ್ಚುವರಿ ಷರತ್ತುಗಳಿಂದ ವಿನಾಯಿತಿ ದೊರೆಯುವುದಿಲ್ಲ.

3. ಪೆಟ್ರೋಲ್ ಮತ್ತು ಡೀಸೆಲ್ ಟ್ಯಾಂಕುಗಳು

ಇವುಗಳಿಗೆ ಪೆಟ್ರೋಲಿಯಂ ಕಾಯ್ದೆ, 1934 ಮತ್ತು ಪೆಟ್ರೋಲಿಯಂ ನಿಯಮಗಳು, 2002 ಅನ್ವಯಿಸುತ್ತವೆ. ನಾಗಪುರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯು (ಪೆಸೊ) ಮುಖ್ಯ ಪರವಾನಗಿ ಪ್ರಾಧಿಕಾರವಾಗಿರುತ್ತದೆ. ದ್ರವವು ಎಷ್ಟು ಉಷ್ಣಾಂಶದಲ್ಲಿ ಹೊತ್ತಿಕೊಳ್ಳುವ ಆವಿಯನ್ನು ಬಿಡುತ್ತದೆ ಎಂಬುದನ್ನು ಆಧರಿಸಿ ವರ್ಗೀಕರಣ ಮಾಡಲಾಗಿದೆ. 23 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇದ್ದಲ್ಲಿ 'ಎ' ವರ್ಗ, 23ರಿಂದ 65 ಡಿಗ್ರಿಯೊಳಗೆ 'ಬಿ' ವರ್ಗ, ಅದಕ್ಕೂ ಮೇಲ್ಪಟ್ಟು 93 ಡಿಗ್ರಿಯೊಳಗೆ 'ಸಿ' ವರ್ಗ. ಪೆಟ್ರೋಲ್ 'ಎ' ವರ್ಗಕ್ಕೆ, ಡೀಸೆಲ್ 'ಬಿ' ವರ್ಗಕ್ಕೆ ಸೇರುತ್ತದೆ.

ರೈತರು ಮತ್ತು ಸಣ್ಣ ಉದ್ದಿಮೆದಾರರು ಗಮನಿಸಬೇಕಾದ ಅಂಶವೆಂದರೆ, ಒಂದು ಸ್ಥಳದಲ್ಲಿ ಒಟ್ಟು 2,500 ಲೀಟರ್ ಮೀರದಂತೆ ಮತ್ತು ಯಾವುದೇ ಒಂದು ಪಾತ್ರೆಯ ಸಾಮರ್ಥ್ಯ 1,000 ಲೀಟರ್ ಮೀರದಂತೆ ಡೀಸೆಲ್ ಇರಿಸಿಕೊಳ್ಳಲು ಪರವಾನಗಿಯ ಅಗತ್ಯವಿರುವುದಿಲ್ಲ. ಮಾರಾಟಕ್ಕಲ್ಲದ ಪೆಟ್ರೋಲಿಗೆ ಈ ಮಿತಿ 30 ಲೀಟರ್ ಮಾತ್ರ.

ಪರವಾನಗಿ ಕೇಂದ್ರದ್ದಾದರೂ ಸ್ಥಳದ ಬಗೆಗಿನ ನಿರಾಕ್ಷೇಪಣಾ ಪತ್ರವನ್ನು ಜಿಲ್ಲಾ ಪ್ರಾಧಿಕಾರದಿಂದ ಪಡೆಯಬೇಕು. 2002ರ ನಿಯಮಗಳ 144ನೇ ನಿಯಮದಂತೆ, ಅರ್ಜಿ ಸ್ವೀಕರಿಸಿದ ಮೂರು ತಿಂಗಳೊಳಗೆ ಜಿಲ್ಲಾ ಪ್ರಾಧಿಕಾರವು ವಿಚಾರಣೆ ಪೂರ್ಣಗೊಳಿಸಿ ಪತ್ರವನ್ನು ನೀಡಬೇಕು ಅಥವಾ ನಿರಾಕರಿಸಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಹೊಸ ಪೆಟ್ರೋಲ್ ಬಂಕುಗಳು ಶಾಲೆ, ಆಸ್ಪತ್ರೆ ಮತ್ತು ವಸತಿ ಪ್ರದೇಶಗಳಿಂದ 50 ಮೀಟರ್ ಅಂತರದಲ್ಲಿರಬೇಕು. ಸ್ಥಳದ ನಿರ್ಬಂಧವಿದ್ದಲ್ಲಿ ಹೆಚ್ಚುವರಿ ಸುರಕ್ಷತಾ ಕ್ರಮಗಳೊಂದಿಗೂ ಅಂತರವು 30 ಮೀಟರಿಗಿಂತ ಕಡಿಮೆಯಾಗುವಂತಿಲ್ಲ.

4. ಎಥೆನಾಲ್ ಟ್ಯಾಂಕುಗಳು

ಎಥೆನಾಲ್ ವಿಷಯದಲ್ಲಿ ಕೇಂದ್ರ ಮತ್ತು ರಾಜ್ಯ ಎರಡೂ ಒಂದೇ ಟ್ಯಾಂಕನ್ನು ಬೇರೆ ಬೇರೆ ಉದ್ದೇಶದಿಂದ ನೋಡುತ್ತವೆ. ರಾಜ್ಯದ ಅಬಕಾರಿ ಇಲಾಖೆಯು ಕರ್ನಾಟಕ ಅಬಕಾರಿ ಕಾಯ್ದೆ, 1965ರಡಿ ದಾಸ್ತಾನು, ಅಳತೆ ಮತ್ತು ಸಾಗಣೆಯ ಮೇಲೆ ನಿಗಾ ಇರಿಸುತ್ತದೆ. ಇದರ ಮುಖ್ಯ ಉದ್ದೇಶ ರಾಜಸ್ವ ಮತ್ತು ದುರ್ಬಳಕೆಯ ತಡೆ. ಬೆಂಕಿ ಮತ್ತು ಸ್ಫೋಟದ ಅಪಾಯವು ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹಣೆ ಮತ್ತು ಆಮದು ನಿಯಮಗಳು, 1989ರ ವ್ಯಾಪ್ತಿಗೆ ಬರುತ್ತದೆ. ದಾಸ್ತಾನು ನಿಗದಿತ ಮಿತಿಯನ್ನು ಮೀರಿದಲ್ಲಿ ಕಾರ್ಖಾನೆಯು ಆವರಣದೊಳಗಿನ ತುರ್ತು ಯೋಜನೆ ಸಿದ್ಧಪಡಿಸಬೇಕು. ಆವರಣದ ಹೊರಗಿನ ಗ್ರಾಮಗಳಿಗೆ ಸಂಬಂಧಿಸಿದ ತುರ್ತು ಯೋಜನೆಯು ಜಿಲ್ಲಾಡಳಿತದ ಹೊಣೆಯಾಗಿರುತ್ತದೆ. ಪೆಸೊ ಸಂಸ್ಥೆಯ ಅನುಮತಿ ಪಡೆಯಬೇಕೆಂಬ ಷರತ್ತನ್ನು ಪರಿಸರ ಅನುಮತಿ ಪತ್ರಗಳಲ್ಲಿ ಸೇರಿಸುವುದೂ ಉಂಟು.

2024ರ ಅಕ್ಟೋಬರ್ 23ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಉತ್ತರ ಪ್ರದೇಶ ಸರ್ಕಾರ ಮತ್ತು ಲಲ್ತಾ ಪ್ರಸಾದ್ ವೈಶ್ ಪ್ರಕರಣದಲ್ಲಿ 8-1ರ ಬಹುಮತದಿಂದ, ಕೈಗಾರಿಕಾ ಮದ್ಯಸಾರವೂ ರಾಜ್ಯ ಪಟ್ಟಿಯ 'ಮಾದಕ ಮದ್ಯ' ಎಂಬ ಪದದ ವ್ಯಾಪ್ತಿಗೆ ಬರುತ್ತದೆ ಎಂದು ತೀರ್ಪು ನೀಡಿತು. 1990ರ ಏಳು ನ್ಯಾಯಮೂರ್ತಿಗಳ ತೀರ್ಪು ಇದರಿಂದ ಬದಿಗೆ ಸರಿಯಿತು. ಈ ತೀರ್ಪಿನಿಂದ ಮದ್ಯಸಾರದ ನಿಯಂತ್ರಣದಲ್ಲಿ ರಾಜ್ಯದ ಕೈ ಬಲಗೊಂಡಿದೆ. ಆದರೆ ಪರಿಸರ ಅನುಮತಿ ಮತ್ತು ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬೇರೆ ಕಾನೂನಿನಿಂದ ಬಂದವುಗಳಾದ್ದರಿಂದ ಅವು ಯಥಾಪ್ರಕಾರ ಅನ್ವಯಿಸುತ್ತವೆ.

ಕಾರ್ಮಿಕರ ಸುರಕ್ಷತೆಗೆ ಸಂಬಂಧಿಸಿದಂತೆ, 1948ರ ಕಾರ್ಖಾನೆಗಳ ಕಾಯ್ದೆಯ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ದಿನಾಂಕ 21-11-2025ರಿಂದ ಜಾರಿಗೆ ಬಂದಿದೆ.

5. ಕಾಕಂಬಿ ಮತ್ತು ಸ್ಪೆಂಟ್‌ವಾಶ್

ಅತ್ಯಂತ ದೊಡ್ಡ ಪ್ರಮಾಣದ ಸಂಗ್ರಹಣೆ ಇರುವುದು ಈ ಎರಡು ದ್ರವಗಳದ್ದು. ಕಾಕಂಬಿಯು ವಿಷವಲ್ಲ, ಸುಲಭವಾಗಿ ಹೊತ್ತಿಕೊಳ್ಳುವುದೂ ಇಲ್ಲ. ಆದರೆ ನೀರಿಗೆ ಸೇರಿದಲ್ಲಿ ಅದನ್ನು ಕೊಳೆಯಿಸುವ ಸೂಕ್ಷ್ಮಾಣುಗಳು ನೀರಿನ ಆಮ್ಲಜನಕವನ್ನೆಲ್ಲ ಬಳಸಿಕೊಳ್ಳುವುದರಿಂದ ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಬಿಸಿಯಾಗಿಯೇ ತುಂಬಿದ ಕಾಕಂಬಿ ನೊರೆಯುಕ್ಕಿ ಟ್ಯಾಂಕಿನಿಂದ ಹೊರಚೆಲ್ಲುವ ಸಂಭವವೂ ಇದೆ. 1919ರ ಜನವರಿಯಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಕಾಕಂಬಿಯ ಟ್ಯಾಂಕು ಒಡೆದು 21 ಜನ ಮೃತಪಟ್ಟಿದ್ದರು.

ಸ್ಪೆಂಟ್‌ವಾಶ್ ಇನ್ನೂ ತೀಕ್ಷ್ಣ ಸ್ವರೂಪದ್ದು. ಕಾಕಂಬಿ ಆಧಾರಿತ ಡಿಸ್ಟಿಲರಿಯಲ್ಲಿ ಒಂದು ಲೀಟರ್ ಮದ್ಯಸಾರಕ್ಕೆ ಸುಮಾರು 8ರಿಂದ 15 ಲೀಟರ್ ಸ್ಪೆಂಟ್‌ವಾಶ್ ಹೊರಬರುತ್ತದೆ. 2003ರ ಮಾರ್ಚ್‌ನಲ್ಲಿ ಕೇಂದ್ರವು ಉದ್ದಿಮೆಗಳ ಪರಿಸರ ಹೊಣೆಗಾರಿಕೆಯ ಸನ್ನದಿನಲ್ಲಿ ಇದರ ಸಂಗ್ರಹಣೆಯನ್ನು 30 ದಿನಗಳಿಗೆ ಮಿತಿಗೊಳಿಸಿತು. ನಂತರದ ಪರಿಸರ ಅನುಮತಿ ಪತ್ರಗಳಲ್ಲಿ ಈ ಅವಧಿಯನ್ನು ಇನ್ನೂ ಕಡಿತಗೊಳಿಸಿ, ದ್ರವವನ್ನು ಗಟ್ಟಿಗೊಳಿಸಿ ಸುಡುವ ಅಥವಾ ಗೊಬ್ಬರಕ್ಕೆ ಬಳಸುವ ಷರತ್ತುಗಳನ್ನು ವಿಧಿಸಲಾಗುತ್ತಿದೆ.

ಪ್ರಮಾಣದ ಅಂದಾಜಿಗೆ ಒಂದು ಲೆಕ್ಕವನ್ನು ಗಮನಿಸಬಹುದು. ದಿನಕ್ಕೆ 60,000 ಲೀಟರ್ ಮದ್ಯಸಾರ ತಯಾರಿಸುವ ಘಟಕದಲ್ಲಿ, ಲೀಟರಿಗೆ 10 ಲೀಟರಿನಂತೆ, ದಿನಕ್ಕೆ 6 ಲಕ್ಷ ಲೀಟರ್ ಸ್ಪೆಂಟ್‌ವಾಶ್ ಬರುತ್ತದೆ. ಅದನ್ನು ಗಟ್ಟಿಗೊಳಿಸದೆ 30 ದಿನ ಕೂಡಿಟ್ಟಲ್ಲಿ 1.8 ಕೋಟಿ ಲೀಟರ್ ಆಗುತ್ತದೆ. ಇದು 20,000 ಲೀಟರಿನ ಪೆಟ್ರೋಲ್ ಟ್ಯಾಂಕಿನ 900 ಪಟ್ಟು. ಪೆಟ್ರೋಲ್ ಟ್ಯಾಂಕಿಗೆ ಅಂತರ, ಪರೀಕ್ಷೆ ಮತ್ತು ರಚನೆಯ ಕುರಿತು ಸವಿವರ ನಿಯಮಗಳಿವೆ. ಸ್ಪೆಂಟ್‌ವಾಶ್ ಹೊಂಡದ ತಳಹೊದಿಕೆ, ಏರಿಯ ಎತ್ತರ ಮತ್ತು ಸುತ್ತಲಿನ ಅಂತರ್ಜಲ ಪರೀಕ್ಷೆಯ ವಿವರಗಳು ಬಹುಪಾಲು ಆಯಾ ಕಾರ್ಖಾನೆಯ ಪರಿಸರ ಅನುಮತಿ ಮತ್ತು ಸಮ್ಮತಿ ಪತ್ರಗಳ ಷರತ್ತುಗಳಲ್ಲಿರುತ್ತವೆ. ಆದುದರಿಂದ ಸದರಿ ಪತ್ರಗಳ ಪ್ರತಿಯಿಲ್ಲದೆ ಉಲ್ಲಂಘನೆಯನ್ನು ತೋರಿಸುವುದು ಗ್ರಾಮಸ್ಥರಿಗೆ ಕಷ್ಟಸಾಧ್ಯ.

ಈ ಭಾಗದ ಎರೆಭೂಮಿಯು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುವ ಗುಣವುಳ್ಳದ್ದು. ಬುನಾದಿ ಮತ್ತು ತಳಹೊದಿಕೆಗಳು ಇದರಿಂದ ಹಾನಿಗೊಳ್ಳುವ ಸಾಧ್ಯತೆಯಿರುತ್ತದೆ. ಬಾವಿ ಅಥವಾ ಕೊಳವೆಬಾವಿಯ ನೀರು ಕಂದು ಬಣ್ಣಕ್ಕೆ ತಿರುಗಿದಲ್ಲಿ ತಳಹೊದಿಕೆಯ ಪರಿಶೀಲನೆಗೆ ಕೂಡಲೇ ಕೋರಬೇಕು.

ಸಕ್ಕರೆ ಕಾರ್ಖಾನೆಗಳಿಗೆ 2016ರ ಜನವರಿಯ ಕೇಂದ್ರ ಅಧಿಸೂಚನೆಯು, ನುರಿಸಿದ ಪ್ರತಿ ಟನ್ ಕಬ್ಬಿಗೆ ಸಂಸ್ಕರಿಸಿದ ತ್ಯಾಜ್ಯ ನೀರು 200 ಲೀಟರ್ ಮೀರಬಾರದೆಂದೂ, ನೀರಾವರಿಗೆ ಬೇಡಿಕೆ ಇಲ್ಲದ ದಿನಗಳಿಗಾಗಿ 15 ದಿನಗಳ ಸಾಮರ್ಥ್ಯದ ತೊಟ್ಟಿ ಇರಬೇಕೆಂದೂ ವಿಧಿಸಿದೆ. ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆಗೆ ಇದು ಗರಿಷ್ಠ 1.5 ಕೋಟಿ ಲೀಟರ್ ಸಾಮರ್ಥ್ಯದ ತೊಟ್ಟಿಯಾಗುತ್ತದೆ.

6. ಬಣ್ಣದ ಘಟಕಗಳು

ನೂಲಿಗೆ ಬಣ್ಣ ಹಾಕುವ ಘಟಕಗಳ ತೊಟ್ಟಿಗಳು ಸಣ್ಣವಾದರೂ ಜಲ ಕಾಯ್ದೆಯ 24ನೇ ಕಲಂ ಅವುಗಳಿಗೂ ಅನ್ವಯಿಸುತ್ತದೆ. ಹಳ್ಳ, ಬಾವಿ, ಚರಂಡಿ ಅಥವಾ ಭೂಮಿಗೆ ಮಲಿನ ದ್ರವವನ್ನು ಬಿಡುವಂತಿಲ್ಲ. ಸಂಸ್ಕರಣೆಯ ನಂತರ ಉಳಿಯುವ ಕೆಸರು ಅಪಾಯಕಾರಿ ತ್ಯಾಜ್ಯಗಳ 2016ರ ನಿಯಮಗಳಿಗೆ ಒಳಪಡುತ್ತದೆ ಮತ್ತು ಅದನ್ನು 90 ದಿನಗಳಿಗಿಂತ ಹೆಚ್ಚು ಕಾಲ ಕೂಡಿಡುವಂತಿಲ್ಲ. ಸಣ್ಣ ಉತ್ಪಾದಕರಿಗೆ ಈ ಅವಧಿಯನ್ನು ವಿಸ್ತರಿಸುವ ಅಧಿಕಾರ ರಾಜ್ಯ ಮಂಡಳಿಗೆ ಇರುತ್ತದೆ. ವಿಸ್ತರಣೆಯನ್ನು ಲಿಖಿತವಾಗಿ ಕೋರಿ ಪಡೆಯಬೇಕು.

7. ತುಲನೆಯ ಸಾರಾಂಶ

ಅ) ಡೀಸೆಲ್, ಪೆಟ್ರೋಲ್: ನಿಯಮ ಮತ್ತು ಪರವಾನಗಿ ಕೇಂದ್ರದ್ದು, ಸ್ಥಳದ ನಿರಾಕ್ಷೇಪಣೆ ಜಿಲ್ಲಾಡಳಿತದ್ದು.
ಆ) ಎಥೆನಾಲ್: ದಾಸ್ತಾನು ನಿಯಂತ್ರಣ ರಾಜ್ಯದ ಅಬಕಾರಿ ಇಲಾಖೆಯದ್ದು, ಅಪಾಯದ ನಿಯಮಗಳು ಕೇಂದ್ರದವು, ಅನುಷ್ಠಾನ ಬಹುಪಾಲು ರಾಜ್ಯದ ಅಧಿಕಾರಿಗಳದ್ದು.
ಇ) ಸ್ಪೆಂಟ್‌ವಾಶ್, ತ್ಯಾಜ್ಯ ನೀರು: ಕನಿಷ್ಠ ಮಾನದಂಡ ಕೇಂದ್ರದ್ದು; ಸಮ್ಮತಿ, ತಪಾಸಣೆ ಮತ್ತು ಕಠಿಣ ಷರತ್ತು ರಾಜ್ಯ ಮಂಡಳಿಯದ್ದು.
ಈ) ಕೆಸರು: ನಿಯಮ ಕೇಂದ್ರದ್ದು, ಅಧಿಕಾರ ಪತ್ರ ರಾಜ್ಯ ಮಂಡಳಿಯದ್ದು.

ಅಮೆರಿಕದಲ್ಲಿ ಭೂಗತ ಟ್ಯಾಂಕುಗಳಿಗೆ 1988ರಿಂದ ಪ್ರತ್ಯೇಕ ಒಕ್ಕೂಟ ನಿಯಮಾವಳಿಯಿದ್ದು, ಅದಕ್ಕಿಂತ ಸಡಿಲವಲ್ಲದ ಕಾರ್ಯಕ್ರಮ ರೂಪಿಸಿದ ರಾಜ್ಯಗಳಿಗೆ ಅನುಷ್ಠಾನವನ್ನು ವಹಿಸಲಾಗುತ್ತದೆ. ಭಾರತದಲ್ಲಿ ನಿಯಮಗಳು ಟ್ಯಾಂಕಿಗಿಂತ ಹೆಚ್ಚಾಗಿ ಅದರೊಳಗಿನ ದ್ರವವನ್ನು ಅನುಸರಿಸುತ್ತವೆ. ದ್ರವ ಬದಲಾದರೆ ಅನ್ವಯಿಸುವ ಕಾನೂನು ಮತ್ತು ಸಂಪರ್ಕಿಸಬೇಕಾದ ಕಚೇರಿಗಳೂ ಬದಲಾಗುತ್ತವೆ.

8. ಅರ್ಜಿದಾರರು ಹಾಗೂ ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1) ಟ್ಯಾಂಕು ನಿರ್ಮಾಣಕ್ಕೆ ಮುನ್ನ ಸ್ಥಾಪನಾ ಸಮ್ಮತಿಯನ್ನೂ, ಬಳಕೆಗೆ ಮುನ್ನ ಕಾರ್ಯಾಚರಣೆ ಸಮ್ಮತಿಯನ್ನೂ ಪಡೆಯುವುದು ಕಡ್ಡಾಯ. ಅರ್ಜಿಯಲ್ಲಿ ಪ್ರತಿ ಟ್ಯಾಂಕಿನ ದ್ರವ, ಸಾಮರ್ಥ್ಯ ಮತ್ತು ಸ್ಥಳವನ್ನು ಪ್ರತ್ಯೇಕವಾಗಿ ನಮೂದಿಸುವುದು ಸೂಕ್ತ. ಟ್ಯಾಂಕಿನಲ್ಲಿ ಬೇರೆ ದ್ರವ ತುಂಬುವ ಮೊದಲು ಅನುಮತಿಗಳನ್ನು ಮರುಪರಿಶೀಲಿಸಬೇಕು.

2) ಸೋರಿಕೆ ಸಂಭವಿಸಿದಲ್ಲಿ ಅಥವಾ ಸಂಭವಿಸುವ ಸೂಚನೆ ಕಂಡಲ್ಲಿ, ಜಲ ಕಾಯ್ದೆಯ 31ನೇ ಕಲಂ ಪ್ರಕಾರ ಘಟಕದ ಹೊಣೆ ಹೊತ್ತವರು ಕೂಡಲೇ ರಾಜ್ಯ ಮಂಡಳಿಗೆ ತಿಳಿಸಬೇಕು. ಈ ತಾಲ್ಲೂಕುಗಳ ಅರ್ಜಿ ಮತ್ತು ದೂರುಗಳನ್ನು ಮಂಡಳಿಯ ಬಾಗಲಕೋಟೆ ಪ್ರಾದೇಶಿಕ ಕಚೇರಿಗೆ ಸಲ್ಲಿಸಬಹುದು.

3) ಪರಿಸರ ಪರಿಣಾಮ ಅಂದಾಜೀಕರಣದ 2006ರ ಅಧಿಸೂಚನೆಯಂತೆ, ಪರಿಸರ ಅನುಮತಿ ಪಡೆದ ಕಾರ್ಖಾನೆಯು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಷರತ್ತುಗಳ ಪಾಲನಾ ವರದಿಯನ್ನು ಸಲ್ಲಿಸಬೇಕು. ಈ ವರದಿಗಳು ಸಾರ್ವಜನಿಕ ದಾಖಲೆಗಳಾಗಿವೆ.

4) ಸಾರ್ವಜನಿಕ ಆಲಿಕೆ ಅಗತ್ಯವಿರುವ ಯೋಜನೆಗಳಲ್ಲಿ ಕನಿಷ್ಠ 30 ದಿನಗಳ ಮುಂಚಿತ ಸೂಚನೆ ನೀಡಬೇಕು. ಟ್ಯಾಂಕುಗಳ ಸ್ಥಳ, ನದಿ ಮತ್ತು ಬಾವಿಗಳಿಂದ ಅವುಗಳ ದೂರದ ಬಗ್ಗೆ ಆಕ್ಷೇಪಣೆಗಳನ್ನು ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಒಳಿತು.

5) ಮಂಡಳಿಯಿಂದ ಕ್ರಮವಾಗದಿದ್ದಲ್ಲಿ, 60 ದಿನಗಳ ನೋಟಿಸು ನೀಡಿ ನಾಗರಿಕರೇ ಜಲ ಕಾಯ್ದೆಯ 49ನೇ ಕಲಂ ಅಡಿ ನ್ಯಾಯಾಲಯಕ್ಕೆ ದೂರು ಸಲ್ಲಿಸಬಹುದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಪರಿಸರ ವಿವಾದವನ್ನು ಆರು ತಿಂಗಳೊಳಗೆ, ಹಾನಿಯ ಪರಿಹಾರದ ಅರ್ಜಿಯನ್ನು ಐದು ವರ್ಷಗಳೊಳಗೆ ಸಲ್ಲಿಸಲು ಅವಕಾಶವಿದೆ.

ದೂರಿನಲ್ಲಿ ಘಟನೆಯ ದಿನಾಂಕ, ಬಾವಿಯ ಸರ್ವೆ ಸಂಖ್ಯೆ ಮತ್ತು ಉಲ್ಲಂಘನೆಯಾದ ಷರತ್ತಿನ ಸಂಖ್ಯೆಯನ್ನು ನಮೂದಿಸಿದಲ್ಲಿ ತಪಾಸಣೆಯು ಸುಗಮವಾಗುತ್ತದೆ. ಕೃಷ್ಣಾ ಮತ್ತು ಘಟಪ್ರಭೆಯ ನೀರು ಆಲಮಟ್ಟಿ ಜಲಾಶಯವನ್ನು ಸೇರುವುದರಿಂದ, ಮೇಲಿನ ತಾಲ್ಲೂಕಿನ ಒಂದು ಟ್ಯಾಂಕಿನ ಸೋರಿಕೆಯು ಕೆಳಗಿನ ಬೀಳಗಿ ತಾಲ್ಲೂಕಿನ ಗ್ರಾಮಗಳ ಕುಡಿಯುವ ನೀರಿಗೂ ಸಂಬಂಧಿಸಿದ ವಿಷಯವಾಗುತ್ತದೆ.