ತಲಾದಾಯದ ತಕ್ಕಡಿ

ರಾಷ್ಟ್ರದ ತಲಾದಾಯ ಏರಿತೆಂದು ಸಂಭ್ರಮಿಸುವ ಪಂಡಿತರನ್ನು ಒಂದು ಪ್ರಶ್ನೆ ಕೇಳಬೇಕಾಗಿದೆ: ಏರಿದುದು ಯಾರ ಆದಾಯ? ಒಬ್ಬನ ಕಣಜದಲ್ಲಿ ನೂರು ಚೀಲ ಜೋಳವಿದ್ದು, ಉಳಿದ ಒಂಬತ್ತು ಮನೆಗಳಲ್ಲಿ ಬರಿ ಮಡಕೆಗಳಿದ್ದರೂ ಸರಾಸರಿಯು ಮನೆಗೆ ಹತ್ತು ಚೀಲವೆಂದೇ ಸಾರುತ್ತದೆ. ಇಂಥ ಲೆಕ್ಕದಿಂದ ಯಾರ ಹಸಿವೂ ಹಿಂಗದು.

ಅರ್ಥಶಾಸ್ತ್ರಜ್ಞರು ಈ ಕೊರತೆಯನ್ನು ಅರಿಯದವರಲ್ಲ. 1979ರಲ್ಲಿ ಮಾರಿಸ್ ಡೇವಿಡ್ ಮಾರಿಸ್ ಅವರು ಆದಾಯವನ್ನು ಬದಿಗಿರಿಸಿ ಸಾಕ್ಷರತೆ, ಶಿಶುಮರಣ, ಒಂದು ವರ್ಷ ತುಂಬಿದ ಮಗುವಿನ ಆಯುರ್ನಿರೀಕ್ಷೆ ಎಂಬ ಮೂರರಿಂದಲೇ ಜನಜೀವನವನ್ನು ಅಳೆದರು. 1990ರಲ್ಲಿ ಮಹಬೂಬ್ ಉಲ್ ಹಕ್ ಅವರ ಮುಂದಾಳ್ತನದಲ್ಲಿ ಹೊರಬಂದ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕವು ಆಯುಸ್ಸಿಗೂ ಅಕ್ಷರಕ್ಕೂ ಆದಾಯದ ಸಮಾನ ಸ್ಥಾನವನ್ನಿತ್ತಿತು. ಆದರೂ ನಮ್ಮ ಸಭೆ ಸಮಾರಂಭಗಳಲ್ಲಿ ಇಂದಿಗೂ ಮೊಳಗುವುದು ತಲಾದಾಯದ ಜಯಘೋಷವೇ.

2011ರ ಜನಗಣತಿಯಂತೆ ದಕ್ಷಿಣ ಕನ್ನಡದಲ್ಲಿ ನೂರಕ್ಕೆ 88ನ್ನು ಮೀರಿದ ಸಾಕ್ಷರತೆಯು ಯಾದಗಿರಿಯಲ್ಲಿ 52ರ ಆಸುಪಾಸಿನಲ್ಲಿತ್ತು. ಅಲ್ಲಿಯ ಸ್ತ್ರೀಯರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 41 ಮಂದಿ ಮಾತ್ರ. 2002ರಲ್ಲಿ ನಂಜುಂಡಪ್ಪ ಸಮಿತಿಯು ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವು. ಬಸವಣ್ಣನವರ ಕಲ್ಯಾಣವಿದ್ದ ನೆಲವದು! 2019ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕವೆಂದು ನಾಮಕರಣವೂ ಆಯಿತು. ಹೆಸರಿಡುವುದಕ್ಕೆ ಬೊಕ್ಕಸದಿಂದ ಹೆಚ್ಚೇನೂ ಖರ್ಚಾಗುವುದಿಲ್ಲವಷ್ಟೆ.

ಮೊದಲು ಸಂಪತ್ತು ಬೆಳೆಯಲಿ, ಶಾಲೆ ಆಸ್ಪತ್ರೆಗಳು ತಾವಾಗಿ ಬರುತ್ತವೆ ಎಂಬ ವಾದವೊಂದುಂಟು. 1970 ಮತ್ತು 80ರ ದಶಕಗಳಲ್ಲಿ ಕೇರಳದ ತಲಾದಾಯವು ಭಾರತದ ಸರಾಸರಿಗಿಂತ ಕೆಳಗಿದ್ದರೂ ಸಾಕ್ಷರತೆಯಲ್ಲಿಯೂ ಶಿಶುರಕ್ಷಣೆಯಲ್ಲಿಯೂ ಅದು ದೇಶಕ್ಕೆ ಮುಂದಿತ್ತು. ಅಲ್ಲಿ ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲೇರಿದ್ದರು; ಓದು ಬಲ್ಲ ತಾಯಿ ಮಗುವಿನ ಕಾಯಿಲೆಯನ್ನು ಹಣೆಬರಹವೆಂದು ಬಿಟ್ಟು ಕೂಡಲಿಲ್ಲ. ಈ ಒಂದು ನಿದರ್ಶನಕ್ಕೆ ಸಂಪತ್ತಿನ ವಾದಿಗಳು ಉತ್ತರಿಸಲಿ.

ಇನ್ನೊಂದು ಮಾತು. ಬೆಳಗಿನ ಜಾವದಲ್ಲೆದ್ದು ನೀರು ಹೊತ್ತು, ರೊಟ್ಟಿ ಬಡಿದು, ಮಕ್ಕಳನ್ನು ಸಾಕುವ ಗೃಹಿಣಿಯ ದುಡಿಮೆ ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಸೇರುವುದೇ ಇಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಂಬಿದ ನಾವು ಇದನ್ನು ಒಪ್ಪುವುದೆಂತು?

ಸರ್ಕಾರವನ್ನು ದೂರಿದರೆ ಮುಗಿಯದು. ನಮ್ಮ ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದು ಬಡಮಕ್ಕಳಿಗೆ ಅನ್ನ ಅಕ್ಷರಗಳನ್ನಿತ್ತುದು ಸಾಮಾನ್ಯ ಸೇವೆಯಲ್ಲ. ಆದರೆ ಅವುಗಳಲ್ಲಿ ಹೆಣ್ಣುಮಕ್ಕಳೆಷ್ಟು? ಅಕ್ಕಮಹಾದೇವಿಯ ಜಯಂತಿಯನ್ನು ತಪ್ಪದೆ ಆಚರಿಸುವ ಪ್ರತಿಯೊಂದು ಮಠವೂ ಈ ಸಂಖ್ಯೆಯನ್ನು ತನ್ನ ವಾರ್ಷಿಕ ವರದಿಯಲ್ಲಿ ಮುದ್ರಿಸಲಿ. ಜಾತ್ರೆಯ ಜಮಾಖರ್ಚು ಹೇಗೂ ಅಲ್ಲಿ ಅಚ್ಚಾಗುತ್ತಿದೆ.